ತೆಗೆಯಬಾರದ ಬಿಲ್ಲೆ

"ಏನ್ರೀ, ಸ್ವಿಚ್ಚನ್ನ ಮೂಸಿ ನೋಡ್ತಿದ್ದೀರಾ?" ಹಿಂದಿನಿಂದ ಕ್ಯಾಪ್ಟನ್ ಕೇಳಿದ.

ಹೌದು, ಮೂಸಿಯೇ ನೋಡುತ್ತಿದ್ದೆ. ಪೊಲೀಸಿನಲ್ಲಿ ಸವೆದು, ಆಮೇಲೆ ಈ ಉಕ್ಕಿನ ಕಾರ್ಖಾನೆಯ ಕಾವಲಿಗೆ ಬಂದ ಮನುಷ್ಯ ನಾನು. ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತನಾದರೂ ಕಾರ್ಖಾನೆಯವರೆಲ್ಲ ಇನ್‌ಸ್ಪೆಕ್ಟ್ರು ಎಂದೇ ಕರೆಯುತ್ತಾರೆ. ಸರ್ಕಾರ ಕೊಡದ ಬಡ್ತಿಯನ್ನು ಜನ ಕೊಟ್ಟರೆ ಬೇಡ ಅನ್ನಲು ನನಗೇನು ಹುಚ್ಚೇ?

ನಿನ್ನೆ ಬೆಳಿಗ್ಗೆ ಶತ್ರುವಿನ ಟ್ಯಾಂಕುಗಳು ಬಂದಾಗ ಕಾಲುವೆಯ ಸೇತುವೆ ಸಿಡಿಯಬೇಕಿತ್ತು. ಈ ಪಂಪ್‌ಹೌಸಿನಲ್ಲಿ ಕಾವಲಿದ್ದ ನನ್ನ ಅಳಿಯ ಸ್ವಿಚ್ಚಿನ ಹಿಡಿ ಎಳೆಯಲಿಲ್ಲ. ಟ್ಯಾಂಕುಗಳು ದಾಟಿದವು. ಕಂದಕದಲ್ಲಿದ್ದ ಸೈನಿಕರು, ನಮ್ಮ ಕಾರ್ಮಿಕ ದಳದವರು, ಎಲ್ಲರೂ ಅಲ್ಲೇ ಮಣ್ಣಾದರು. ಇವತ್ತು ಸಂಜೆ ಸೈರನ್ ಕೂಗಿದ ಕೂಡಲೇ ಅಳಿಯನಿಗೆ ಗುಂಡು.

ನಮ್ಮವರು ರಾತ್ರಿಯಿಡೀ ಹೊಡೆದಾಡಿ ಟ್ಯಾಂಕುಗಳನ್ನು ಸೇತುವೆಯವರೆಗೆ ಹಿಂದಕ್ಕೆ ತಳ್ಳಿದ್ದರು. ಸೇತುವೆ ಮಾತ್ರ ಇನ್ನೂ ಶತ್ರುಗಳ ಕೈಯಲ್ಲಿತ್ತು. ಅಡಿಯಲ್ಲಿ ನಾವು ಇಟ್ಟಿದ್ದ ಮದ್ದನ್ನು ಅವರೇ ಕಿತ್ತು ನೀರಿಗೆಸೆದಿದ್ದರು. ಪಂಪ್‌ಹೌಸಿನ ಕಿಟಕಿಗೆ ಮರಳು ಮೂಟೆ ಪೇರಿಸಿ, ಇಬ್ಬರು ಸೈನಿಕರು ಬಂದೂಕು ಹಿಡಿದು ಆ ಕಡೆಯೇ ನೋಡುತ್ತ ಕೂತಿದ್ದರು. ಫಿರಂಗಿ ಹೊಡೆತಕ್ಕೆ ಗೋಡೆಯ ಗಾರೆ ಉದುರಿ, ಪಂಪು, ನೆಲ, ಸ್ವಿಚ್ಚಿನ ಹಲಗೆ, ಎಲ್ಲದರ ಮೇಲೂ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಧೂಳು ಕೂತಿತ್ತು.

ಆದರೆ ಹಿಡಿಯ ಕೆಳಗೆ, ಹಲಗೆಯ ಮೇಲೆ, ಒಂದು ದುಂಡನೆಯ ಜಾಗದಲ್ಲಿ ಧೂಳು ತೆಳ್ಳಗಿತ್ತು. ಸುತ್ತ ದಪ್ಪ ಧೂಳು, ನಡುವೆ ಕಪ್ಪು ಬಣ್ಣ ಇಣುಕುತ್ತಿತ್ತು.

ನನ್ನ ಕೊರಳಿನ ಬಿಲ್ಲೆ ತೆಗೆದು ಅದರ ಮೇಲಿಟ್ಟೆ. ಅಳೆದು ಮಾಡಿಸಿದ ಹಾಗೆ ಕೂತಿತು. ಒಂದು ಪಕ್ಕ ಮಾತ್ರ ಆ ದುಂಡು ಸ್ವಲ್ಪ ಉಬ್ಬಿಕೊಂಡಿತ್ತು. ತೂಗಾಡಿರಬೇಕು ಎಂದುಕೊಂಡೆ.

"ನೋಡಿ ಸರ್. ನಿನ್ನೆ ಧೂಳು ಬೀಳೋವಾಗ ಇಲ್ಲಿ ಬಿಲ್ಲೆ ತೂಗ್ತಾ ಇತ್ತು. ನನ್ನ ಅಳಿಯ ಹೇಳಿದ್ದು ಸುಳ್ಳಲ್ಲ."

ಕ್ಯಾಪ್ಟನ್ ಬಗ್ಗಿ ನೋಡಿದ. ವಯಸ್ಸಿನಲ್ಲಿ ಚಿಕ್ಕವನು, ಎಡಗೈಗೆ ಪಟ್ಟಿ, ಕಣ್ಣು ಕೆಂಡ. ಕಂದಕದಲ್ಲಿ ಸತ್ತ ಸೈನಿಕರು ಅವನ ಹುಡುಗರು. ಅವನ ಮೇಲೆ ಎಷ್ಟು ಸಿಟ್ಟಿದ್ದರೂ ಅದೊಂದು ನೆನಪಾದರೆ ನನ್ನ ಬಾಯಿ ಕಟ್ಟುತ್ತಿತ್ತು.

"ಬಿಲ್ಲೆ ಇದ್ರೆ ಏನೀಗ?" ಎಂದ.

ಹೊರಗಿನವರಿಗೆ ಇದನ್ನು ತಿಳಿಸುವುದೇ ಕಷ್ಟ. ನಮ್ಮ ಕಾರ್ಖಾನೆಯಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಇರುತ್ತದೆ. ಕುಲುಮೆಯೊಳಗೋ ಯಂತ್ರದ ಹೊಟ್ಟೆಯೊಳಗೋ ಇಳಿಯುವವರು ಮೊದಲು ತಮ್ಮ ಬಿಲ್ಲೆಯನ್ನು ಅದರ ಸ್ವಿಚ್ಚಿನ ಹಿಡಿಗೆ ತೂಗುಹಾಕುತ್ತಾರೆ. ಆಮೇಲೆ ಮ್ಯಾನೇಜರ್ ಬಂದು ತಲೆಕೆಳಗಾಗಿ ನಿಂತರೂ ಆ ಹಿಡಿಯನ್ನು ಯಾರೂ ಮುಟ್ಟುವುದಿಲ್ಲ. ಒಳಗೆ ಹೋದವರೇ ಹೊರಗೆ ಬಂದು, ತಮ್ಮ ಕೈಯಾರೆ ತೆಗೆಯಬೇಕು. ಗಂಡನದನ್ನು ಹೆಂಡತಿ ತೆಗೆಯುವಂತಿಲ್ಲ, ತಮ್ಮನದನ್ನು ಅಣ್ಣ ತೆಗೆಯುವಂತಿಲ್ಲ. ಈ ಪದ್ಧತಿ ಬರುವುದಕ್ಕೆ ಮುಂಚೆ ಒಬ್ಬ ರೋಲರುಗಳ ನಡುವೆ ಇದ್ದಾಗ ಯಾರೋ ತಿಳಿಯದೆ ಯಂತ್ರ ಚಾಲೂ ಮಾಡಿದ್ದರು. ಮನೆಯವರಿಗೆ ಅವನನ್ನು ಕೊಟ್ಟದ್ದು ಬಕೆಟ್ಟಿನಲ್ಲಿ.

"ಸೇತುವೆ ಕೆಳಗೆ ಯಾರೋ ಇದ್ದಾರೆ ಅಂತ ಅವನಿಗೆ ಅನ್ನಿಸ್ತು ಸರ್. ಅದಕ್ಕೇ ಎಳೀಲಿಲ್ಲ."

"ನನ್ನ ಸೈನಿಕ ಆಗಿದ್ರೆ ಬಿಲ್ಲೆ ಸಮೇತ ಎಳೀತಿದ್ದ."

"ಎಳೀತಿದ್ದ. ನಮ್ಮವರು ಎಳೆಯಲ್ಲ. ಬಿಲ್ಲೆ ಹಾಕಿದವರಿಗೂ ಅದು ಚೆನ್ನಾಗಿ ಗೊತ್ತಿತ್ತು. ಅಂದ್ರೆ ಅದು ನಿಮ್ಮವರ ಕೆಲಸ ಅಲ್ಲ, ನಮ್ಮ ಕಾರ್ಖಾನೆಯವರದ್ದೇ. ಆಮೇಲೆ ಬಂದು ತೆಗೆದುಕೊಂಡು ಹೋಗಿದ್ದೂ ಅವರೇ ಇರ್ಬೇಕು."

ಕ್ಯಾಪ್ಟನ್ ಹೂಂ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನೆಂದು ನಿನ್ನೆಯಿಂದ ಅವನನ್ನು ಮನಸಾರೆ ಬೈದುಕೊಂಡಿದ್ದೆ. ಪಾಪ, ಅಷ್ಟು ಪೆದ್ದನೇನಲ್ಲ.

"ಸರಿ, ನಂಬಿದೆ. ಈಗ ನೀವು ಹೇಳಿ. ಹಿಡಿ ಎಳೀರಿ ಅಂತ ಇಲ್ಲೇ ಕೆಳಗೆ ನೆಲಮಾಳಿಗೆಯ ಫೋನಿಗೆ ಆಜ್ಞೆ ಕೊಟ್ಟವನು ನಾನು. ನಿಮ್ಮ ಅಳಿಯ 'ಆಯ್ತು ಸರ್' ಅಂದ, ಮೇಲೆ ಹತ್ತಿ ಬಂದ, ಎಳೀಲಿಲ್ಲ. ಅಷ್ಟೇ ಅಲ್ಲ, ಹೊರಗೆ ಓಡಿ ಸೇತುವೆ ಮೇಲೆ ಟ್ಯಾಂಕಿನ ಎದುರಿಗೇ ಹೋಗ್ತಿದ್ದ. ನನ್ನ ಹುಡುಗ್ರು ಕಾಲು ಹಿಡಿದು ಎಳಕೊಂಡು ಬಂದ್ರು. ಯಾರ ಬಿಲ್ಲೆ ಅಂದ್ರೆ ಬಾಯಿ ಬಿಡಲ್ಲ. ಹೋಗ್ಲಿ, ದ್ರೋಹಿ ಅಂತ ಬೇಡ. ಆಜ್ಞೆ ಮೀರಿದ ಅಂತ ಬರೀತೀನಿ."

"ಗುಂಡು ಮಾತ್ರ ತಪ್ಪಲ್ಲ?"

"ಇಲ್ಲ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು."

ಕಿಟಕಿಯಲ್ಲಿದ್ದ ಸೈನಿಕನೊಬ್ಬ ಕಿಸಕ್ಕೆಂದ. ಕ್ಯಾಪ್ಟನ್ ನಗಲಿಲ್ಲ. ಅಂದ ಮೇಲೆ ನನಗೂ ನಗು ಬರಲಿಲ್ಲ.

ಅವನು ಜೇಬಿನಿಂದ ಒಂದು ಕೀಲಿ ತೆಗೆದು ನನ್ನ ಅಂಗೈಗೆ ಹಾಕಿದ. "ಹೋಗಿ ಮಾತಾಡಿಸಿ. ಬಿಲ್ಲೆ ಯಾರದು ಅಂತ ತಂದು ಹೇಳಿ, ಅವನ ಜಾಗದಲ್ಲಿ ಆ ಮನುಷ್ಯನ್ನ ನಿಲ್ಲಿಸ್ತೀನಿ. ಇಲ್ಲಾಂದ್ರೆ ಇವನೇ. ಸತ್ತವರ ಜೊತೆಯವರು ನನ್ನ ಮುಖ ನೋಡ್ತಿದ್ದಾರೆ ಇನ್‌ಸ್ಪೆಕ್ಟ್ರೇ. ಯಾರಾದ್ರೂ ಒಬ್ಬರು ಗೋಡೆಗೆ ನಿಲ್ಲಲೇಬೇಕು."

ಗೋಡೆಯ ಮರೆಯಲ್ಲೇ ಬಗ್ಗಿ ನಡೆದೆ. ಕುಲುಮೆ ಇನ್ನೂ ಉರಿಯುತ್ತಿತ್ತು. ಹಗಲು ಯಂತ್ರದ ಮುಂದೆ ನಿಂತು ಫಿರಂಗಿ ರಿಪೇರಿ ಮಾಡುವವರೇ ಪಾಳಿ ಮುಗಿದ ಮೇಲೆ ಬಂದೂಕು ಹಿಡಿದು ಕಂದಕಕ್ಕೆ ಇಳಿಯುತ್ತಿದ್ದರು. ಲೆಕ್ಕಪತ್ರ ವಿಭಾಗದ ಹೆಂಗಸರು ಮೂಟೆಗೆ ಮರಳು ತುಂಬುತ್ತಿದ್ದರು. ಕಾರ್ಖಾನೆಯ ಕ್ಷೌರಿಕ ಹೆಲ್ಮೆಟ್ ಹಾಕಿಕೊಂಡು ಅವರಿಗೆ ಕಾವಲು ನಿಂತಿದ್ದ. ಅವನ ಕೈಯಲ್ಲಿ ಕತ್ತರಿ ಕಂಡರೇ ನನಗೆ ಭಯ, ಈಗ ರೈಫಲ್ಲು. ಯಾರೂ ನನ್ನನ್ನು ಮಾತನಾಡಿಸಲಿಲ್ಲ. ನಿನ್ನೆಯವರೆಗೆ ಇನ್‌ಸ್ಪೆಕ್ಟ್ರೇ ಅಂತಿದ್ದವರು ಇವತ್ತು ತಲೆ ತಗ್ಗಿಸಿದರು. ತಮ್ಮವರನ್ನು ಕೊಂದವನ ಮಾವ ನಾನು.

ಅಳಿಯನನ್ನು ಬಣ್ಣದ ಉಗ್ರಾಣದಲ್ಲಿ ಕೂಡಿಹಾಕಿದ್ದರು. ಬಾಗಿಲ ಮುಂದೆ ಬೋರಲು ಹಾಕಿದ ಡ್ರಮ್ಮಿನ ಮೇಲೆ ಮೇಸ್ತ್ರಿ ಕೂತಿದ್ದ, ತೊಡೆಯ ಮೇಲೆ ಬಂದೂಕು.

ಮೇಸ್ತ್ರಿ ಎಂದರೆ ನಮ್ಮ ಕಾರ್ಮಿಕ ದಳದ ಮುಖ್ಯಸ್ಥ, ನನ್ನ ಹಳೆಯ ಗೆಳೆಯ. ನನ್ನ ಹೆಂಡತಿ ಸತ್ತಾಗ ಮಗಳಿಗೆ ಜಡೆ ಹೆಣೆಯಲು ಕಲಿತವನು ನಾನಲ್ಲ, ಅವನು. ಮಗಳು ಅವನನ್ನು ದೊಡ್ಡಪ್ಪ ಎನ್ನುತ್ತಾಳೆ. ಬಕೆಟ್ಟಿನಲ್ಲಿ ಮನೆಗೆ ಬಂದವನು ಅವನ ಒಡಹುಟ್ಟಿದ ತಮ್ಮ. ಆಮೇಲೆ ಮುಷ್ಕರ ಹೂಡಿ, ಲಾಠಿ ಏಟು ತಿಂದು, ಬಿಲ್ಲೆಯ ಪದ್ಧತಿ ತರಿಸಿದವನೂ ಅವನೇ. ಆ ಲಾಠಿಗಳಲ್ಲಿ ನನ್ನದೂ ಒಂದಿತ್ತು ಎಂದು ಈಗಲೂ ತಮಾಷೆ ಮಾಡುತ್ತಾನೆ.

"ನಿನ್ನನ್ಯಾಕೋ ಇಲ್ಲಿ ಕೂರಿಸಿದ್ದಾರೆ?"

"ನಾನೇ ಕೇಳಿ ಕೂತೆ. ಬೇರೆಯವರು ಕೂತ್ರೆ ಸಂಜೆಯವರೆಗೂ ಉಳಿಸ್ತಾರೇನೋ ಇವನ್ನ?"

ಅವನ ಹೆಗಲು ತಟ್ಟಿದೆ. ಆದರೂ ಪೊಲೀಸ್ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಸೇತುವೆ ದಾಟುವಾಗ ನೀನೆಲ್ಲಿದ್ದೆ?" ಎಂದು ಕೇಳಿಬಿಟ್ಟೆ.

"ರೋಲಿಂಗ್ ಶೆಡ್ಡಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಕಣೋ. ಬೆಳಿಗ್ಗೆಯಿಂದ ಆ ಕಡೆ ತಲೆ ಹಾಕೋಕೆ ಆಗಲಿಲ್ಲ. ನಾನು ಪಂಪ್‌ಹೌಸ್ ಹತ್ರ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?" ಎಂದು ಅವನು ಕೈಯಿಂದ ಮುಖ ಒರೆಸಿಕೊಂಡ.

ಬೀಗ ತೆಗೆದು ಒಳಗೆ ಹೋದೆ. ಟರ್ಪೆಂಟೈನಿನ ವಾಸನೆ ಮೂಗಿಗೆ ಹೊಡೆಯಿತು. ಕಪಾಟಿನ ತುಂಬ ಬಣ್ಣದ ಡಬ್ಬಿಗಳು. ಅವುಗಳ ನಡುವೆ ನೆಲದ ಮೇಲೆ ಅಳಿಯ, ತುಟಿ ಒಡೆದು, ಒಂದು ಕಣ್ಣು ಬಾತು.

"ಏನ್ ಅಳಿಯಂದ್ರೇ, ಉಪಚಾರ ಚೆನ್ನಾಗಿ ಆಯ್ತಾ?"

"ಬನ್ನಿ ಮಾವ," ಎಂದು ಎದ್ದು ನಿಲ್ಲಲು ಹೋದ. ಆ ಸ್ಥಿತಿಯಲ್ಲೂ ಮರ್ಯಾದೆ. ಅದೇ ನನಗೆ ಆಗದಿದ್ದುದು ಇವನಲ್ಲಿ.

"ಕೂತ್ಕೋ ಸಾಕು. ಬಿಲ್ಲೆ ಇತ್ತು ಅಂತ ಕ್ಯಾಪ್ಟನ್ ಒಪ್ಪಿದ್ದಾನೆ. ಈಗ ನಂಬರ್ ಹೇಳು."

"ನೋಡಲಿಲ್ಲ ಮಾವ."

"ಯಾರ ಕಿವಿಗೆ ಹೂ ಇಡ್ತೀಯೋ? ನೀನು ಕರೆಂಟ್ ಕೆಲಸದವನು. ಹಿಡಿ ಮೇಲೆ ಬಿಲ್ಲೆ ಕಂಡ್ರೆ ಮೊದಲು ಓದೋದೇ ನಂಬರು."

"ಗಾಬರೀಲಿ ಓದಲಿಲ್ಲ."

"ಸರಿ. ಹೊರಗೆ ಯಾಕೆ ಓಡಿದೆ?"

"ಯಾರಾದ್ರೂ ಇದ್ದಾರಾ ನೋಡೋಕೆ."

"ಏನೋ ಕೂಗ್ತಾ ಓಡ್ತಿದ್ದೆಯಂತೆ. ಆ ಗಲಾಟೇಲಿ ಸೈನಿಕರಿಗೆ ಕೇಳಿಸಲಿಲ್ಲ. ಏನ್ ಕೂಗಿದೆ?"

ಅವನು ನೆಲ ನೋಡಿದ. ನನಗೆ ಪಿತ್ತ ನೆತ್ತಿಗೇರಿತು. ಅವನ ಅಂಗಿಯ ಕಾಲರು ಹಿಡಿದು ಎಳೆದೆ.

"ಲೋ, ನಿನ್ನನ್ನ ನಾನು ಇವತ್ತು ನಿನ್ನೆ ನೋಡ್ತಿಲ್ಲ. ಗುಡುಗಿದ್ರೆ ಮಂಚದ ಕೆಳಗೆ ಸೇರೋ ಪುಕ್ಕಲ ನೀನು. ಪಟಾಕಿ ಹೊಡೆದ್ರೆ ಕಿವಿ ಮುಚ್ಕೊಳ್ತೀಯ. ಅಂಥವನು ಬರ್ತಾ ಇರೋ ಟ್ಯಾಂಕಿನ ಎದುರು ಓಡ್ತೀಯ ಅಂದ್ರೆ, ಅಲ್ಲಿ ಯಾರಿದ್ರು ಅಂತ..."

ಕಾಲರು ಹಿಡಿದ ಕೈ ಸಡಿಲವಾಯಿತು.

ಈ ಮನುಷ್ಯ ಟ್ಯಾಂಕಿನ ಎದುರು ಓಡುವಂಥ ಜೀವ ಈ ಲೋಕದಲ್ಲಿ ಒಂದೇ ಒಂದು. ಅದು ನನ್ನ ಮನೆಯಲ್ಲಿ ಹುಟ್ಟಿ ಬೆಳೆದದ್ದು. ಕ್ರೇನ್ ನಡೆಸುವವಳು, ಯುದ್ಧ ಬಂದ ಮೇಲೆ ಗಾಯಾಳುಗಳನ್ನು ಹೊರುವ ಸ್ವಯಂಸೇವಕಿ.

"ಅವಳದ್ದಾ?"

"ಮಾವ, ದಮ್ಮಯ್ಯ. ನಂಬರ್ ಮಾತ್ರ ಬಾಯಿಬಿಟ್ಟು ಹೇಳ್ಬೇಡಿ." ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಅವಳು ಸೇತುವೆ ಕೆಳಗಿದ್ದಳು. ಹಿಡಿ ಮುಟ್ಟೋಕೆ ಹೋದೆ, ಕಣ್ಣ ಮುಂದೆ ಅವಳ ಬಿಲ್ಲೆ. ಕೈ ಬರಲಿಲ್ಲ. ಕೂಗ್ತಾ ಓಡಿದೆ. ಅವಳು ಹೇಗೆ ಹೊರಗೆ ಬಂದಳೋ, ಬಿಲ್ಲೆ ಯಾವಾಗ ತೆಗೆದಳೋ ನಂಗೊತ್ತಿಲ್ಲ. ಬದುಕಿದ್ದಾಳೆ ಅಂತ ರಾತ್ರಿ ಗೊತ್ತಾಯ್ತು. ಅಷ್ಟು ಸಾಕು ನಂಗೆ."

"ಕಂದಕದಲ್ಲಿದ್ದವರು?"

"ಗೊತ್ತು ಮಾವ." ಅವನು ನನ್ನ ಕೈ ಬಿಟ್ಟ. "ಎಲ್ಲರ ಮುಖವೂ ಗೊತ್ತು. ನಾನು ಎಳೆದಿದ್ರೆ ಅವರು ಬದುಕ್ತಿದ್ರು. ಆದ್ರೆ ಮತ್ತೆ ಅಲ್ಲೇ ತಂದು ನಿಲ್ಲಿಸಿದ್ರೂ ನಾನು ಎಳೆಯಲ್ಲ. ಅದಕ್ಕೇ, ಇವರು ಹೊಡೀಲಿ. ನ್ಯಾಯವೇ ಅದು."

ನಾನು ಅಲ್ಲೇ ಒಂದು ಡಬ್ಬಿಯ ಮೇಲೆ ಕೂತೆ. ಮದುವೆಯ ದಿನದಿಂದ ಇವನನ್ನು ನಾನು ಕೊಂಕು ಮಾತಿನಲ್ಲೇ ಸುಟ್ಟಿದ್ದೆ. ನನ್ನ ಮಗಳಿಗೆ ಇಂಥ ಹೇಡಿಯೇ ಸಿಗಬೇಕಿತ್ತಾ ಎಂದು ಕಂಡಕಂಡವರ ಹತ್ತಿರ ಹೇಳಿದ್ದೆ. ಈಗ ಅವನ ತಲೆ ಸವರೋಣ ಎಂದರೆ ಕೈಗೆ ಅಭ್ಯಾಸವೇ ಇರಲಿಲ್ಲ.

ನಂಬರು ಹೇಳಿದರೆ ಮಗಳು ಗೋಡೆಗೆ ನಿಲ್ಲುತ್ತಾಳೆ. ಹೇಳದಿದ್ದರೆ ಅಳಿಯ. ಅತ್ತ ದರಿ, ಇತ್ತ ಪುಲಿ.

ಬಾಗಿಲು ಕಿರ್ರೆಂದಿತು. ಮೇಸ್ತ್ರಿ ನಿಂತಿದ್ದ.

"ಕೇಳಿಸ್ತು ಕಣೋ. ಕೇಳಿಸಬಾರದಿತ್ತು, ಕೇಳಿಸ್ತು." ಅವನ ಮುಖ ಬಿಳುಚಿಕೊಂಡಿತ್ತು. "ಮಗಳಿಗೆ ಇದೆಲ್ಲ ಗೊತ್ತಾ?"

"ಇವನು ಸಿಕ್ಕಿಬಿದ್ದಿರೋದೇ ಗೊತ್ತಿಲ್ಲ. ಆಚೆ ಶೆಡ್ಡಲ್ಲಿ ಡ್ಯೂಟಿ ಮೇಲಿದ್ದಾನೆ ಅಂತ ಆಸ್ಪತ್ರೆಯವರ ಕೈಲಿ ಹೇಳಿಸಿದ್ದೀನಿ."

"ಒಳ್ಳೇದು ಮಾಡಿದೆ. ಗೊತ್ತಾದ್ರೆ ಅವಳೇ ಓಡಿ ಬಂದು ಕ್ಯಾಪ್ಟನ್ ಮುಂದೆ ನಿಲ್ತಾಳೆ. ನೀನು ಈಗಲೇ ಹೋಗು. ಅವಳನ್ನ ಸಂಜೆಯವರೆಗೂ ಅಲ್ಲಿಂದ ಅಲ್ಲಾಡೋಕೆ ಬಿಡಬೇಡ. ಇವನ್ನ ನಂಗೆ ಬಿಡು."

"ಏನ್ ಮಾಡ್ತೀಯ?"

ಅವನು ದನಿ ತಗ್ಗಿಸಿದ. "ಕಲ್ಲಿದ್ದಲಿನ ಸುರಂಗ ಇದೆಯಲ್ಲ, ಈ ಉಗ್ರಾಣದ ಹಿಂದೇನೇ ಅದರ ಬಾಯಿ. ಅದರಲ್ಲಿ ಹೋದ್ರೆ ಊರ ಆಚೆ. ಪಾಳಿ ಬದಲಾಗೋ ಗದ್ದಲದಲ್ಲಿ ದಾಟಿಸಿಬಿಡ್ತೀನಿ. ಕೀಲಿ ಕೊಡು."

ನನ್ನ ಸರ್ವೀಸಿನಲ್ಲಿ ಒಬ್ಬ ಕೈದಿಯನ್ನೂ ತಪ್ಪಿಸಿಕೊಳ್ಳಲು ಬಿಟ್ಟವನಲ್ಲ ನಾನು. ಅಂಥವನು ಎರಡನೆಯ ಮಾತಾಡದೆ ಕೀಲಿ ಕೊಟ್ಟೆ.

"ಮೇಸ್ತ್ರಿ, ಈ ಋಣ ನಾನು ಹೇಗೋ ತೀರಿಸ್ಲಿ?"

"ಹೋಗೋ, ಹೆಂಗಸರ ಥರ ಅಳ್ತಾ ನಿಲ್ಲಬೇಡ," ಎಂದು ಅವನು ನನ್ನನ್ನು ಹೊರಗೆ ದೂಡಿದ.

ಕ್ಯಾಂಟೀನನ್ನೇ ಆಸ್ಪತ್ರೆ ಮಾಡಿದ್ದರು. ಊಟದ ಮೇಜುಗಳ ಮೇಲೆ ಗಾಯಾಳುಗಳು. ಔಷಧಿ ಮುಗಿದಿತ್ತು, ಒಬ್ಬ ಹಲ್ಲು ಕಚ್ಚಿ ನರಳುತ್ತಿದ್ದ, ಅವನ ಪಕ್ಕದವನು ನರಳುವುದನ್ನೂ ಬಿಟ್ಟಿದ್ದ. ಮಗಳು ಹಿತ್ತಲಿನ ನಲ್ಲಿಯ ಕೆಳಗೆ ಸ್ಟ್ರೆಚರಿನ ಬಟ್ಟೆ ತಿಕ್ಕುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು.

"ಅಪ್ಪ! ಊಟ ಮಾಡಿದ್ಯಾ?"

ಇಷ್ಟೆಲ್ಲದರ ನಡುವೆ ಅವಳು ಮೊದಲು ಕೇಳಿದ್ದು ಅದು. ಆಯಿತು ಎಂದು ಸುಳ್ಳು ಹೇಳಿದೆ.

"ಇವರೆಲ್ಲಪ್ಪ? ನಿನ್ನೆಯಿಂದ ಮುಖವೇ ತೋರಿಸಿಲ್ಲ. ಡ್ಯೂಟಿ ಅಂತೆ ಡ್ಯೂಟಿ. ಬರಲಿ, ಮಾಡ್ತೀನಿ."

"ಬರ್ತಾನೆ ಬರ್ತಾನೆ." ನಾನು ಅವಳ ಪಕ್ಕ ಕೂತೆ. ಏನೂ ಕೇಳಬಾರದು, ಸುಮ್ಮನೆ ಕೂತು ಹೊತ್ತು ಕಳೆಯಬೇಕು ಎಂದುಕೊಂಡೇ ಬಂದಿದ್ದೆ. ಆದರೆ ಅವಳ ಕೊರಳು ಬರಿದಾಗಿತ್ತು. ಬಾಯಿ ಕೇಳಿಯೇಬಿಟ್ಟಿತು. "ಬಿಲ್ಲೆ ಎಲ್ಲಮ್ಮ?"

ಅವಳು ಕೈ ಒರೆಸಿಕೊಂಡು ಕೊರಳು ಮುಟ್ಟಿ ನೋಡಿಕೊಂಡಳು.

"ಅಯ್ಯೋ, ಮರೆತೇಬಿಟ್ಟಿದ್ದೆ. ದೊಡ್ಡಪ್ಪ ಇನ್ನೂ ವಾಪಸ್ ಕೊಟ್ಟೇ ಇಲ್ಲ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಿದೆ.

"ಯಾರು ಕೊಟ್ಟಿಲ್ಲ?"

"ದೊಡ್ಡಪ್ಪ. ನಿನ್ನೆ ಸೇತುವೆ ಕೆಳಗೆ ಒಬ್ಬ ಸೈನಿಕ ಗಾಯ ಆಗಿ ಬಿದ್ದಿದ್ದ. ಜೊತೆಯವಳಿಗೂ ಏಟು ಬಿತ್ತು, ನಾನೊಬ್ಬಳೇ ಇಳಿಯಬೇಕಾಯ್ತು. ಮದ್ದಿಟ್ಟ ಜಾಗ ಅಲ್ವಾ, ಬಿಲ್ಲೆ ಹಾಕದೆ ಹೋಗೋಕಾಗುತ್ತಾ? ಪಂಪ್‌ಹೌಸಿಗೆ ಓಡಿ ಹೋದ್ರೆ ಹಿಡಿ ಮೇಲೆ ಆಗಲೇ ದೊಡ್ಡಪ್ಪನ ಬಿಲ್ಲೆ ತೂಗ್ತಾ ಇತ್ತು. ಅದರ ಮೇಲೇ ನಂದು ಹಾಕಿದೆ."

"ದೊಡ್ಡಪ್ಪ ಅಲ್ಲಿ... ನೀನು ನೋಡಿದ್ಯಾ ಅವನನ್ನ?"

"ನೋಡೋದೇನು, ಕೆಳಗೆ ಮದ್ದಿನ ವೈರ್ ಹತ್ರ ಕೂತಿದ್ರು. ನನ್ನ ಕಂಡು ಬೆಚ್ಚಿಬಿದ್ರು. ಏನ್ ದೊಡ್ಡಪ್ಪ ಅಂದ್ರೆ, ಸರಿ ಇದೆಯಾ ನೋಡ್ತಿದ್ದೀನಿ ಅಂದ್ರು. ಆಮೇಲೆ ಅವರೇ ಆ ಸೈನಿಕನ್ನ ಎತ್ತಿ ನನ್ನ ಬೆನ್ನಿಗೆ ಹಾಕಿದ್ರು. 'ನೀನು ಚರಂಡಿ ಕಡೆಯಿಂದ ಓಡು ಪುಟ್ಟಿ, ಎರಡೂ ಬಿಲ್ಲೆ ನಾನೇ ತೆಗೆದು, ಸ್ವಿಚ್ ಎಳೀಲಿಕ್ಕೆ ಹೇಳ್ತೀನಿ' ಅಂದ್ರು."

"ನಿನ್ನ ಬಿಲ್ಲೆ ಇನ್ನೊಬ್ಬರು ತೆಗೆಯೋಕೆ ಬಿಟ್ಯಾ?"

"ತಪ್ಪೇ ಅಪ್ಪ. ಆದ್ರೆ ಹಾಗೆ ಮಾಡಬಾರದು ಅಂತ ನಮಗೆಲ್ಲ ಕಲಿಸಿದವರೇ ದೊಡ್ಡಪ್ಪ. ಅವರೇ ತೆಗೀತೀನಿ ಅಂದ್ಮೇಲೆ ನಾನೇನು ಹೇಳ್ಲಿ?" ಅವಳು ಬಟ್ಟೆ ಹಿಂಡಿದಳು. "ಅಷ್ಟರಲ್ಲಿ ಫಿರಂಗಿ ಬಿದ್ದು ವೈರ್ ತುಂಡಾಗಿತ್ತಂತಲ್ಲ, ಅದಕ್ಕೇ ಸಿಡೀಲಿಲ್ಲ ಅಂತ ರಾತ್ರಿ ದೊಡ್ಡಪ್ಪನೇ ಬಂದು ಹೇಳಿ ಹೋದ್ರು. ನೀನು ಸೇತುವೆ ಹತ್ರ ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡ, ಕ್ಯಾಪ್ಟನ್ ಸುಮ್ಮನೆ ತೊಂದರೆ ಕೊಡ್ತಾರೆ ಅಂದ್ರು."

ನಾನು ಎದ್ದು ನಿಂತೆ. ರೋಲಿಂಗ್ ಶೆಡ್ಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದನಂತೆ. ತಾನು ಮದ್ದಿನ ವೈರು ಕೀಳಲು ಕೂತಿರುವಾಗ ಯಾರೂ ಹಿಡಿ ಎಳೆಯಬಾರದು, ಅದಕ್ಕೇ ಬಿಲ್ಲೆ ಹಾಕಿದ್ದ. ಜೀವಮಾನದ ಅಭ್ಯಾಸ, ದ್ರೋಹಕ್ಕೆ ಇಳಿಯುವಾಗಲೂ ಕೈ ಬಿಡಲಿಲ್ಲ. ಬಿಲ್ಲೆಗಳನ್ನು ತೆಗೆಯಲು ಬಂದಾಗ ಹಿಡಿ ಅವನ ಕೈಯಳತೆಯಲ್ಲೇ ಇತ್ತು. ಎಳೆಯಲಿಲ್ಲ. ಯಾಕೆ, ಯಾರಿಗಾಗಿ, ಇದೊಂದೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಸೆರೆಯಿಂದ ಓಡಿಹೋಗುವವನನ್ನು ಕಾವಲುಗಾರ ಹೊಡೆದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಬಿಲ್ಲೆಯ ಮಾತೂ ಅಲ್ಲಿಗೇ ಮುಗಿಯುತ್ತದೆ.

"ಅಪ್ಪ, ಯಾಕೆ ಮುಖ ಹೀಗಾಯ್ತು?" ಮಗಳು ನನ್ನ ತೋಳು ಹಿಡಿದಳು. "ಇವರಿಗೇನಾದ್ರೂ ಆಯ್ತಾ? ನನ್ನಾಣೆ, ನಿಜ ಹೇಳು. ಎಲ್ಲಿದ್ದಾರೆ ಇವರು? ಯಾರ ಜೊತೆ ಇದ್ದಾರೆ?"

ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ನಾಲಿಗೆಗೆ ಸುಳ್ಳು ಸಿಗಲಿಲ್ಲ.

"ನಿನ್ನ ದೊಡ್ಡಪ್ಪನ ಜೊತೆ."

ಮಗಳು ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟಳು. ನಿನ್ನೆಯಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಮೂಡಿತು.

"ಸದ್ಯ," ಎಂದಳು. "ಹಾಗಾದ್ರೆ ಭಯ ಇಲ್ಲ ಬಿಡು."